ಒಂದೇ ತಾರೀಖು, ಹಲವು ಘಟನೆ: ‘ದಿನದ ವಿಶೇಷ’ ಪಟ್ಟಿಯನ್ನು ತಪ್ಪಿಲ್ಲದೆ ಮಾಡುವುದು ಹೇಗೆ?

ಪ್ರತಿ ವರ್ಷ ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನವೆಂಬರ್ 1ರಂದು ಇತಿಹಾಸದಲ್ಲಿ ಏನೇನು ನಡೆದಿದೆ? ಒಂದು ಪಟ್ಟಿ ಕಳಿಸ್ತೀರಾ?" ಕೇಳುವವರಲ್ಲಿ ಶಾಲೆಯ ಮೇಷ್ಟ್ರುಗಳಿದ್ದಾರೆ, ಕನ್ನಡ ಸಂಘದವರಿದ್ದಾರೆ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಸಮಿತಿಯವರಿದ್ದಾರೆ. ಉಳಿದ ತಿಂಗಳುಗಳಲ್ಲೂ ಇದೇ ಪ್ರಶ್ನೆ. ತಾರೀಖು ಮಾತ್ರ ಬೇರೆ.

ಪಟ್ಟಿ ಸಿಗುವುದು ಕಷ್ಟವಲ್ಲ. ಮೊಬೈಲಿನಲ್ಲಿ ಹುಡುಕಿದರೆ ಐವತ್ತು ಸಾಲು ಬಂದು ಬೀಳುತ್ತವೆ. ಅವುಗಳಲ್ಲಿ ಯಾವುದು ನಿಜ ಅಂತ ತಿಳಿಯುವುದೇ ಕಷ್ಟ. ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಮಗು ಮೈಕಿನ ಮುಂದೆ ನಿಂತು ಓದಿದ ತಾರೀಖು ಶಾಲೆಯ ಅಷ್ಟೂ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಅದು ತಪ್ಪಾಗಿದ್ದರೆ ಆಮೇಲೆ ತೆಗೆಯುವುದು ಸುಲಭವಲ್ಲ. ಅದಕ್ಕೇ ಈ ಸಲ ಪಟ್ಟಿ ಮಾಡುವ ಬಗೆಯನ್ನೇ ಬರೆಯುತ್ತಿದ್ದೇನೆ. ಉದಾಹರಣೆಗೆ ನವೆಂಬರ್ 1ನ್ನೇ ಇಟ್ಟುಕೊಳ್ಳೋಣ. ಓದಿ ಮುಗಿಸುವಷ್ಟರಲ್ಲಿ ಆ ದಿನದ ಪಟ್ಟಿಯೂ ನಿಮ್ಮ ಕೈಯಲ್ಲಿರುತ್ತದೆ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ. ಇಂಟರ್‌ನೆಟ್ ಇರುವ ಫೋನು. ಹತ್ತಿರದಲ್ಲಿ ಗ್ರಂಥಾಲಯ ಇದ್ದರೆ ತುಂಬಾ ಒಳ್ಳೆಯದು, ಏಕೆಂದರೆ ಜಿಲ್ಲಾ ಗೆಜೆಟಿಯರ್ ಅಲ್ಲಿ ಸಿಗಬಹುದು. ಗೆಜೆಟಿಯರ್ ಎಂದರೆ ಸರ್ಕಾರ ಹೊರತರುವ, ಒಂದು ಜಿಲ್ಲೆಯ ಇತಿಹಾಸ, ಜನ, ಬೆಳೆ, ಆಡಳಿತ ಎಲ್ಲವನ್ನೂ ಹೇಳುವ ದಪ್ಪ ಪುಸ್ತಕ. ಮೊದಲ ಸಲಕ್ಕೆ ಎರಡು ಸಂಜೆ ಬೇಕಾಗುತ್ತದೆ.

ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ವರ್ಷ, ಎಲ್ಲಿ, ಆ ದಿನ ಆಗಿದ್ದೇನು, ಯಾವ ಕ್ಯಾಲೆಂಡರ್, ಎಲ್ಲಿಂದ ಸಿಕ್ಕಿತು. ಕೊನೆಯ ಕಾಲಂ ಖಾಲಿ ಬಿಡಬೇಡಿ. ಆರು ತಿಂಗಳ ನಂತರ ಯಾರಾದರೂ "ಇದು ಎಲ್ಲಿ ಓದಿದ್ರಿ?" ಅಂತ ಕೇಳಿದಾಗ ಕೈ ಹಿಡಿಯುವುದು ಅದೊಂದೇ.

1. ಯಾರಿಗೆ, ಎಷ್ಟು ಹೊತ್ತು?

ಪ್ರಾರ್ಥನೆಯ ಹೊತ್ತಿಗಾದರೆ ಎರಡು ನಿಮಿಷ, ಅಂದರೆ ನಾಲ್ಕು ಘಟನೆ. ಗೋಡೆ ಪತ್ರಿಕೆಗಾದರೆ ಎಂಟು. ಭಾಷಣಕ್ಕಾದರೆ ಮೂರು ಸಾಕು. ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಪ್ಪತ್ತು ಘಟನೆ ಓದಿದರೆ ಕೇಳುವವರಿಗೆ ಒಂದೂ ನೆನಪಿರುವುದಿಲ್ಲ.

2. ಮೊದಲು ಸುಮ್ನೆ ಗುಡ್ಡೆ ಹಾಕಿ

ಈ ಹಂತದಲ್ಲಿ ಸರಿ ತಪ್ಪು ನೋಡಲು ಹೋಗಬೇಡಿ. ವಿಕಿಪೀಡಿಯದಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದು ಪುಟವಿದೆ. ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ನೋಡಿ. ಎರಡರಲ್ಲೂ ಇರುವ ಘಟನೆಗಳು ಬೇರೆ ಬೇರೆ. ಹಳೆಯ ದಿನಪತ್ರಿಕೆ ಸಿಕ್ಕರೆ ಅದನ್ನೂ ತಿರುವಿ ಹಾಕಿ.

ದಿನಪತ್ರಿಕೆ ನೋಡುವಾಗ ಒಂದು ಎಚ್ಚರ ಬೇಕು. ನವೆಂಬರ್ 1ರ ಪತ್ರಿಕೆಯಲ್ಲಿ ಇರುವುದು ಹೆಚ್ಚಾಗಿ ಅಕ್ಟೋಬರ್ 31ರ ಸುದ್ದಿ. ಸುದ್ದಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿನ ಪಕ್ಕ ಸಣ್ಣದಾಗಿ ತಾರೀಖು ಹಾಕಿರುತ್ತಾರೆ. ಪುಟದ ತಲೆಯಲ್ಲಿರುವುದನ್ನು ಬಿಟ್ಟು ಅದನ್ನು ನೋಡಿ.

ನವೆಂಬರ್ 1ಕ್ಕೆ ಗುಡ್ಡೆ ಹಾಕಿದರೆ ಸಿಗುವುದು ಹೀಗಿರುತ್ತದೆ: 1755ರ ಲಿಸ್ಬನ್ ಭೂಕಂಪ, 1858ರ ರಾಣಿ ವಿಕ್ಟೋರಿಯಾ ಘೋಷಣೆ, 1952ರ ಮೊದಲ ಹೈಡ್ರೋಜನ್ ಬಾಂಬ್ ಪರೀಕ್ಷೆ, 1954ರಲ್ಲಿ ಭಾರತದ ಕೈಗೆ ಬಂದ ಪಾಂಡಿಚೇರಿ, ಅದೇ ದಿನ ಶುರುವಾದ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ, 1956ರ ರಾಜ್ಯಗಳ ಪುನರ್‌ವಿಂಗಡಣೆ, 1966ರಲ್ಲಿ ಹರಿಯಾಣ, 1973ರಲ್ಲಿ ‘ಕರ್ನಾಟಕ’ ಎಂಬ ಹೆಸರು, 1993ರಲ್ಲಿ ಯುರೋಪಿಯನ್ ಒಕ್ಕೂಟ, 2000ದಲ್ಲಿ ಛತ್ತೀಸ್‌ಗಢ, 2014ರಲ್ಲಿ ಬೆಂಗಳೂರು, ಮೈಸೂರು ಸೇರಿ ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರಿನ ಬದಲಾವಣೆ. ಜೊತೆಗೆ ಹುಟ್ಟುಹಬ್ಬಗಳು. ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದು 1973ರ ನವೆಂಬರ್ 1ರಂದು, ನಾಡಿಗೆ ಕರ್ನಾಟಕ ಎಂದು ಹೆಸರಾದ ದಿನವೇ. ಮಕ್ಕಳಿಗೆ ಇದನ್ನು ಹೇಳಿ ನೋಡಿ, 1973ನ್ನು ಅವರು ಮರೆಯುವುದೇ ಇಲ್ಲ.

3. ‘ಆ ದಿನ ನಿಜವಾಗಿ ಆಗಿದ್ದೇನು?’ ಅಂತ ಕೇಳಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಈ ಹಂತಕ್ಕೆ. ತಾರೀಖು ಸರಿಯಿದ್ದೂ ವಾಕ್ಯ ತಪ್ಪಾಗಿರುವುದು ನಮ್ಮ ಪಟ್ಟಿಗಳ ದೊಡ್ಡ ಕಾಯಿಲೆ.

ನಮ್ಮ ರಾಜ್ಯೋತ್ಸವವನ್ನೇ ತೆಗೆದುಕೊಳ್ಳಿ. "1956ರ ನವೆಂಬರ್ 1ರಂದು ಕರ್ನಾಟಕ ರಾಜ್ಯ ಉದಯವಾಯಿತು" ಅಂತ ಎಷ್ಟು ಸಲ ಕೇಳಿದ್ದೀರಿ ಅಲ್ವಾ? ಮಾತಿಗೆ ಸರಿ, ಬರಹಕ್ಕೆ ಸಾಲದು. ಅಂದು ಒಂದಾದ ರಾಜ್ಯದ ಹೆಸರು ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ, ಜಯಚಾಮರಾಜ ಒಡೆಯರ್ ರಾಜ್ಯಪಾಲರು. ಹಳೇ ಮೈಸೂರಿಗೆ ಮುಂಬೈ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡದ ಭಾಗಗಳು, ಹೈದರಾಬಾದ್ ರಾಜ್ಯದಿಂದ ಗುಲ್ಬರ್ಗ, ರಾಯಚೂರು, ಬೀದರ್ ಕಡೆಯ ಭಾಗಗಳು, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು ಬಂದು ಸೇರಿದವು. ಹೆಸರು ‘ಕರ್ನಾಟಕ’ ಆಗಿದ್ದು ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು. ಎರಡೂ ಒಂದೇ ತಾರೀಖು. ನಡುವೆ ಹದಿನೇಳು ವರ್ಷ. ನಾಡು ಒಂದಾದದ್ದು ಒಂದು ಹೋರಾಟ, ಹೆಸರು ಸಿಕ್ಕಿದ್ದು ಇನ್ನೊಂದು. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಎರಡನೆಯದಕ್ಕಾಗಿ ದುಡಿದವರನ್ನು ಮರೆತ ಹಾಗಾಗುತ್ತದೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಲ್ಲೇ ಇನ್ನೊಂದು ತಪ್ಪು ನುಸುಳುತ್ತದೆ. 1956ರಲ್ಲಿ ಸೇರಿದ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿಯನ್ನೂ ಬರೆದುಬಿಡುತ್ತಾರೆ. ಬಳ್ಳಾರಿ ಮೈಸೂರಿಗೆ ಸೇರಿದ್ದು ಮೂರು ವರ್ಷ ಮೊದಲು, 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ಹುಟ್ಟಿದ್ದೂ ಅದೇ ದಿನ. ಬಳ್ಳಾರಿಯ ಶಾಲೆಯವರಾದರೆ ಅಕ್ಟೋಬರ್ 1ನ್ನೂ ನಿಮ್ಮ ‘ದಿನದ ವಿಶೇಷ’ಕ್ಕೆ ಸೇರಿಸಿಕೊಳ್ಳಿ.

ಕಾನೂನಿಗೆ ಸಂಬಂಧಿಸಿದ ಘಟನೆಗಳಲ್ಲಿ ಒಂದೇ ವಿಷಯಕ್ಕೆ ಮೂರು ನಾಲ್ಕು ತಾರೀಖು ಇರುತ್ತವೆ. ವರದಿ ಬಂದ ದಿನ, ಸಂಸತ್ತು ಒಪ್ಪಿದ ದಿನ, ರಾಷ್ಟ್ರಪತಿ ಅಂಕಿತ ಹಾಕಿದ ದಿನ, ಜಾರಿಗೆ ಬಂದ ದಿನ. ಈ ಕೊನೆಯದಕ್ಕೆ ಕಾಯ್ದೆಯ ಭಾಷೆಯಲ್ಲಿ ‘ನಿಗದಿತ ದಿನ’ ಎನ್ನುತ್ತಾರೆ. ಅಂದರೆ ಇಂಥ ದಿನದಿಂದ ಬದಲಾವಣೆ ಲೆಕ್ಕಕ್ಕೆ ಎಂದು ಕಾಯ್ದೆಯೇ ಹೇಳುವ ದಿನ. ಫಜಲ್ ಅಲಿ, ಕೆ.ಎಂ. ಪಣಿಕ್ಕರ್, ಎಚ್.ಎನ್. ಕುಂಜ್ರು ಇದ್ದ ರಾಜ್ಯ ಪುನರ್‌ವಿಂಗಡಣಾ ಆಯೋಗ ವರದಿ ಕೊಟ್ಟಿದ್ದು 1955ರ ಸೆಪ್ಟೆಂಬರ್ 30ರಂದು. ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ ಮೇಲಿರುವ ತಾರೀಖು 1956ರ ಆಗಸ್ಟ್ 31. ನಿಗದಿತ ದಿನ ನವೆಂಬರ್ 1. ನಿಮ್ಮ ವಾಕ್ಯದಲ್ಲಿ ‘ಜಾರಿಗೆ ಬಂತು’ ಅಂತ ಬರೆದರೆ ಸರಿ, ‘ಕಾಯ್ದೆ ಆಯಿತು’ ಅಂತ ಬರೆದರೆ ತಪ್ಪು. ಒಂದು ಕ್ರಿಯಾಪದದಲ್ಲಿ ಇಷ್ಟೊಂದು ಅಡಗಿದೆ. ಕೇಂದ್ರದ ಕಾಯ್ದೆಗಳ ಪೂರ್ತಿ ಪಠ್ಯ ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕಾಯ್ದೆಯ ಎರಡನೇ ಕಲಮಿನಲ್ಲಿ ಪದಗಳ ಅರ್ಥ ಕೊಟ್ಟಿರುತ್ತಾರೆ. ನಿಗದಿತ ದಿನ ಹೆಚ್ಚಾಗಿ ಅಲ್ಲೇ ಇರುತ್ತದೆ.

ಪಾಂಡಿಚೇರಿಯದ್ದೂ ಹೀಗೇ. 1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಭಾರತಕ್ಕೆ ಸೇರಿದ್ದು 1962ರ ಆಗಸ್ಟ್ 16ರಂದು. ಅಲ್ಲಿಯವರು ಎರಡೂ ದಿನ ಆಚರಿಸುತ್ತಾರೆ. ಯುರೋಪಿಯನ್ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1992ರ ಫೆಬ್ರವರಿ 7ರಂದು, ಜಾರಿಗೆ ಬಂದಿದ್ದು 1993ರ ನವೆಂಬರ್ 1ರಂದು. ವಿಕ್ಟೋರಿಯಾ ರಾಣಿಯ ವಿಷಯದಲ್ಲೂ ನೋಡಿ. ಕಂಪನಿ ಆಡಳಿತ ಮುಗಿಸುವ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 1858ರ ಆಗಸ್ಟ್ 2ರಂದು. ನವೆಂಬರ್ 1ರಂದು ಆಗಿದ್ದು, ರಾಣಿಯ ಘೋಷಣೆಯನ್ನು ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಓದಿದ್ದು. ಹಾಗಾಗಿ ‘ಘೋಷಣೆ ಓದಲಾಯಿತು’ ಅಂತಲೇ ಬರೆಯಿರಿ.

4. ಗಡಿಯಾರ ಯಾವ ಊರಿನದು?

ಭೂಮಿ ದುಂಡಗಿದೆ. ಒಂದೇ ಗಳಿಗೆಯಲ್ಲಿ ಎರಡು ಊರುಗಳಲ್ಲಿ ಎರಡು ತಾರೀಖು ಇರುತ್ತವೆ. 1947ರ ಈಚಿನ ದೊಡ್ಡ ಘಟನೆಗಳಲ್ಲಿ ಈ ತೊಡಕು ಬಹಳ.

ಮೊದಲ ಹೈಡ್ರೋಜನ್ ಬಾಂಬನ್ನು ಅಮೆರಿಕ ಸಿಡಿಸಿದ್ದು ಪೆಸಿಫಿಕ್ ಸಾಗರದ ಎನೆವೆಟಕ್ ಎಂಬ ಹವಳದ ದ್ವೀಪದಲ್ಲಿ. ಅಲ್ಲಿಯ ಗಡಿಯಾರದಲ್ಲಿ 1952ರ ನವೆಂಬರ್ 1, ಬೆಳಗ್ಗೆ 7.15. ಲಂಡನ್ನಿನಲ್ಲೂ ವಾಷಿಂಗ್ಟನ್ನಿನಲ್ಲೂ ಆಗ ಇನ್ನೂ ಅಕ್ಟೋಬರ್ 31. ಹಾಗಾಗಿ ಎರಡು ಪುಸ್ತಕಗಳಲ್ಲಿ ಎರಡು ತಾರೀಖು ಕಂಡರೆ ಗಾಬರಿಯಾಗಬೇಡಿ, ಎರಡೂ ಸರಿಯಿರಬಹುದು. ನಾನು ಪಾಲಿಸುವ ನಿಯಮ ಸರಳ: ಘಟನೆ ನಡೆದ ಜಾಗದ ತಾರೀಖನ್ನು ಹಾಕುವುದು.

ಈ ನಿಯಮ ಚಂದ್ರನ ಮೇಲೆ ನಡೆಯುವುದಿಲ್ಲವಲ್ಲ! ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರ ಜುಲೈ 20 ಅಂತ ಬಹುತೇಕ ಪಟ್ಟಿಗಳಲ್ಲಿದೆ. ಅದು ಅಮೆರಿಕದ ಗಡಿಯಾರ. ನಮ್ಮ ಗಡಿಯಾರದಲ್ಲಿ ನೌಕೆ ಇಳಿದಿದ್ದು ಜುಲೈ 21ರ ರಾತ್ರಿ ಸುಮಾರು 1.47ಕ್ಕೆ, ಅವರು ಹೆಜ್ಜೆ ಇಟ್ಟಿದ್ದು ಬೆಳಗ್ಗೆ ಸುಮಾರು 8.26ಕ್ಕೆ. ಇಂಥ ಕಡೆ ಎರಡೇ ಎರಡು ಪದ ಸೇರಿಸಿ: ‘ಭಾರತದ ಸಮಯದಂತೆ’. ಅಷ್ಟು ಸಾಕು.

5. ಕ್ಯಾಲೆಂಡರ್ ಯಾವುದು?

ಇಂದು ನಾವು ಬಳಸುವ ಕ್ಯಾಲೆಂಡರಿನ ಹೆಸರು ಗ್ರೆಗೋರಿಯನ್. ಪೋಪ್ ಹದಿಮೂರನೇ ಗ್ರೆಗರಿ 1582ರಲ್ಲಿ ಇದನ್ನು ತಂದರು. ಅದಕ್ಕೂ ಮೊದಲು ಯುರೋಪಿನಲ್ಲಿ ಇದ್ದದ್ದು ಜೂಲಿಯಸ್ ಸೀಸರನ ಕಾಲದ ಜೂಲಿಯನ್ ಕ್ಯಾಲೆಂಡರ್. ಅದರಲ್ಲಿ ವರ್ಷದ ಲೆಕ್ಕ ಒಂದಿಷ್ಟು ಉದ್ದವಾಗಿ, ಋತುಗಳಿಗೂ ತಾರೀಖಿಗೂ ತಾಳ ತಪ್ಪಿತ್ತು. ಸರಿಮಾಡಲು ಹತ್ತು ದಿನ ಬಿಟ್ಟರು. 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15!

ಆದರೆ ಎಲ್ಲ ದೇಶಗಳೂ ಒಟ್ಟಿಗೆ ಬದಲಾಗಲಿಲ್ಲ. ಪೋರ್ಚುಗಲ್ ಮತ್ತು ಸ್ಪೇನ್ 1582ರಲ್ಲೇ ಬದಲಾದವು. ಹಾಗಾಗಿ ಲಿಸ್ಬನ್ ಭೂಕಂಪದ 1755ರ ನವೆಂಬರ್ 1ರಲ್ಲಿ ತೊಡಕಿಲ್ಲ. ಬ್ರಿಟನ್ ಬದಲಾಗಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಅಂದರೆ 1752ಕ್ಕೆ ಮೊದಲಿನ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿರುವ ತಾರೀಖು ಹಳೆಯ ಲೆಕ್ಕದ್ದು. ಅದೇ ಹೊತ್ತಿನಲ್ಲಿ ಗೋವಾದ ಪೋರ್ಚುಗೀಸರು ಹೊಸ ಲೆಕ್ಕದಲ್ಲಿ ಬರೆಯುತ್ತಿದ್ದರು. ಎರಡನ್ನೂ ಒಂದೇ ಪಟ್ಟಿಗೆ ಹಾಕುವಾಗ ಹುಷಾರು. ರಷ್ಯಾ ಬದಲಾಗಿದ್ದು 1918ರಲ್ಲಿ. ಅದಕ್ಕೇ 1917ರ ‘ಅಕ್ಟೋಬರ್ ಕ್ರಾಂತಿ’ ಇಂದಿನ ಲೆಕ್ಕದಲ್ಲಿ ನವೆಂಬರ್ 7ಕ್ಕೆ ಬೀಳುತ್ತದೆ.

ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟೆಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ತೀರಿಕೊಂಡರು ಎಂಬುದು ಪ್ರತಿ ಪುಸ್ತಕ ದಿನಾಚರಣೆಯಲ್ಲೂ ಕೇಳಿಬರುವ ಮಾತು. ತಾರೀಖು ಒಂದೇ ಇರಬಹುದು, ದಿನ ಒಂದಲ್ಲ. ಇಂಗ್ಲೆಂಡಿನದು ಹಳೆಯ ಲೆಕ್ಕ, ಸ್ಪೇನಿನದು ಹೊಸದು. ನಡುವೆ ಹತ್ತು ದಿನದ ಅಂತರವಿದೆ.

1582ಕ್ಕಿಂತ ಹಿಂದಿನ ಘಟನೆಗಳಿಗೆ ಇತಿಹಾಸಕಾರರು ಸಾಮಾನ್ಯವಾಗಿ ಹಳೆಯ ತಾರೀಖನ್ನೇ ಉಳಿಸಿಕೊಳ್ಳುತ್ತಾರೆ. ನೀವೂ ಹಾಗೇ ಮಾಡಿ. ನೀವೇ ದಿನ ಕೂಡಿಸಿ ಕಳೆದು ‘ಸರಿ’ ಮಾಡಲು ಹೋಗಬೇಡಿ.

6. ನಮ್ಮ ಶಾಸನದ ತಾರೀಖು ಬಂದರೆ ಏನು ಮಾಡಬೇಕು?

"ಪಟ್ಟಿಯಲ್ಲಿ ಬರೀ ಯುರೋಪು, ಅಮೆರಿಕ. ನಮ್ಮ ಹಳೆಯ ಕಾಲದ್ದು ಯಾಕಿಲ್ಲ?" ಇದೂ ಆಗಾಗ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಕಾರಣ, ನಮ್ಮ ಹಿರಿಯರು ದಿನವನ್ನು ಲೆಕ್ಕ ಹಾಕಿದ ರೀತಿಯೇ ಬೇರೆ. ಶಾಸನದಲ್ಲಿ ಇರುವುದು ಶಕ ವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ. ಕೆಲವದರಲ್ಲಿ ಅದೂ ಇಲ್ಲ. ಹಲ್ಮಿಡಿ ಶಾಸನದಲ್ಲಿ ತಾರೀಖೇ ಇಲ್ಲ, ಲಿಪಿ ಮತ್ತು ಭಾಷೆ ನೋಡಿ ವಿದ್ವಾಂಸರು ಕಾಲ ಹೇಳಿದ್ದಾರೆ. ಅದನ್ನು ಯಾವ ದಿನದ ಪಟ್ಟಿಗೂ ಹಾಕಲಾಗದು.

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ವರ್ಷದ ಕೊನೆಯ ಎರಡು ಮೂರು ತಿಂಗಳಾದರೆ, ಅಂದರೆ ಜನವರಿಯಿಂದ ಯುಗಾದಿಯವರೆಗಿನ ಭಾಗಕ್ಕೆ, 79 ಕೂಡಿಸಬೇಕು. ಬಾದಾಮಿಯ ಬಂಡೆಗಲ್ಲಿನ ಮೇಲಿನ ಒಂದನೇ ಪುಲಕೇಶಿಯ ಶಾಸನ ಶಕ 465ರದು, ಅಂದರೆ 543. ಇಲ್ಲಿಯವರೆಗೆ ಸುಲಭ. ವರ್ಷದಿಂದ ದಿನಕ್ಕೆ ಇಳಿದಾಗ ಕಷ್ಟ ಶುರುವಾಗುತ್ತದೆ.

ಬಾದಾಮಿಯ ಮೂರನೇ ಗುಹೆ ನಿಮಗೆ ಗೊತ್ತಿರಬೇಕು. ಶೇಷನ ಮೇಲೆ ಕುಳಿತ ವಿಷ್ಣು, ನೆಲದಿಂದ ಎದ್ದುಬಂದಂತಿರುವ ತ್ರಿವಿಕ್ರಮ, ಆ ಕೆಂಪು ಕಲ್ಲು. ಅಲ್ಲಿ ಚಾಲುಕ್ಯರ ಮಂಗಳೇಶ ತನ್ನ ದಾನದ ಬಗ್ಗೆ ಬರೆಸಿದ ಸಂಸ್ಕೃತ ಶಾಸನವಿದೆ. ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೇ ವರ್ಷ, ಶಕ 500, ಕಾರ್ತಿಕ ಹುಣ್ಣಿಮೆ ಎಂದು ಅದರಲ್ಲಿ ದಿನ ಹೇಳಿದೆ. 500ಕ್ಕೆ 78 ಕೂಡಿಸಿ, 578. ಆ ವರ್ಷದ ಕಾರ್ತಿಕ ಹುಣ್ಣಿಮೆ ಯಾವಾಗ ಅಂತ ಲೆಕ್ಕ ಹಾಕಿದರೆ ಅಕ್ಟೋಬರ್ 31, ನವೆಂಬರ್ 1ರ ಹೊತ್ತಿಗೆ ಬರುತ್ತದೆ! ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತು. ಕನ್ನಡ ನಾಡು ಒಂದಾದ ತಾರೀಖಿಗೆ ಸರಿಯಾಗಿ, ಹದಿಮೂರು ಶತಮಾನಕ್ಕೂ ಹಿಂದೆ, ಬಾದಾಮಿಯಲ್ಲಿ ಈ ದಾನ!

ಆಸೆಯಾಗುತ್ತದೆ ಅಲ್ವಾ, ಪಟ್ಟಿಯ ತಲೆಯ ಮೇಲೇ ಹಾಕಿಬಿಡೋಣ ಅಂತ? ಹಾಕಬೇಡಿ. ಕಾರಣ ಎರಡು. ಹುಣ್ಣಿಮೆ ಒಂದು ತಿಥಿ, ತಿಥಿ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಅದು ಎರಡು ತಾರೀಖುಗಳ ಮೇಲೆ ಹರಡಿಕೊಳ್ಳಬಹುದು. ಇನ್ನೊಂದು, ಅದು ಹಳೆಯ ಜೂಲಿಯನ್ ಲೆಕ್ಕದ ತಾರೀಖು. ಮಂಗಳೇಶನಿಗೆ ಆ ದಿನ ‘ನವೆಂಬರ್ 1’ ಆಗಿರಲಿಲ್ಲ, ಕಾರ್ತಿಕ ಹುಣ್ಣಿಮೆಯಾಗಿತ್ತು. ಹಾಗಾಗಿ ಕಾರ್ತಿಕ ಹುಣ್ಣಿಮೆಯಂದೇ ಅದನ್ನು ನೆನೆಯಿರಿ. 2024ರಲ್ಲಿ ಅದು ನವೆಂಬರ್ 15ಕ್ಕೆ ಬಂತು, 2025ರಲ್ಲಿ ನವೆಂಬರ್ 5ಕ್ಕೆ. ಪ್ರತಿ ವರ್ಷ ಪಂಚಾಂಗ ನೋಡಿಕೊಳ್ಳಬೇಕು. ಬಸವ ಜಯಂತಿಗೆ, ಕನಕ ಜಯಂತಿಗೆ ನಾವು ಮಾಡುವುದೂ ಹೀಗೇ. ನೋಟ್‌ಬುಕ್ಕಿನಲ್ಲಿ ತಿಥಿಗೆಂದೇ ಬೇರೆ ಪುಟ ಇಟ್ಟುಕೊಂಡರೆ ಗೊಂದಲವಿಲ್ಲ.

7. ಎರಡು ಕಡೆ ನೋಡಿ, ಆದರೆ ನಿಜವಾದ ಎರಡು ಕಡೆ

ಹತ್ತು ಜಾಲತಾಣಗಳಲ್ಲಿ ಒಂದೇ ವಾಕ್ಯ ಕಂಡರೆ ಅದು ಹತ್ತು ಸಾಕ್ಷಿಯಲ್ಲ. ಒಬ್ಬರು ಬರೆದಿದ್ದನ್ನು ಒಂಬತ್ತು ಜನ ನಕಲು ಮಾಡಿರುತ್ತಾರೆ. ಅಕ್ಷರದ ತಪ್ಪು ಕೂಡ ಒಂದೇ ಇದ್ದರೆ ಅನುಮಾನವೇ ಬೇಡ. ಕಾಯ್ದೆ, ರಾಜ್ಯಪತ್ರ, ಗೆಜೆಟಿಯರ್, ಆ ಕಾಲದ ಪತ್ರಿಕೆ, ಒಳ್ಳೆಯ ಇತಿಹಾಸ ಪುಸ್ತಕ, ಇವುಗಳಲ್ಲಿ ಒಂದಾದರೂ ಇರಬೇಕು. ರಾಜ್ಯಪತ್ರ ಎಂದರೆ ಸರ್ಕಾರ ತನ್ನ ಆದೇಶಗಳನ್ನು ಪ್ರಕಟಿಸುವ ಅಧಿಕೃತ ಪತ್ರ.

ಫಾರ್ವರ್ಡ್ ಮೆಸೇಜುಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಪ್ರತಿ ಫೆಬ್ರವರಿ 14ಕ್ಕೆ ಒಂದು ಮೆಸೇಜು ಓಡಾಡುತ್ತದೆ: ಭಗತ್ ಸಿಂಗ್, ರಾಜಗುರು, ಸುಖದೇವ್ ಅವರಿಗೆ ಇಂದೇ ಗಲ್ಲು ಶಿಕ್ಷೆ ಆಗಿತ್ತು ಅಂತ. ನ್ಯಾಯಮಂಡಳಿ ಶಿಕ್ಷೆ ಕೊಟ್ಟಿದ್ದು 1930ರ ಅಕ್ಟೋಬರ್ 7ರಂದು. ಲಾಹೋರಿನ ಜೈಲಿನಲ್ಲಿ ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರಂದು. ಫೆಬ್ರವರಿ 14 ಎರಡೂ ಅಲ್ಲ. ಪ್ರೇಮಿಗಳ ದಿನದ ವಿರುದ್ಧ ಏನಾದರೂ ಹೇಳಬೇಕೆಂದಿದ್ದವರು ಹೇಳಲಿ. ಅದಕ್ಕೆ ಈ ಮೂವರ ಸಾವಿನ ತಾರೀಖನ್ನು ತಿರುಚುವುದು ಅವರಿಗೆ ಮಾಡುವ ಅಗೌರವ.

ಹುಟ್ಟಿದ ದಿನಗಳಲ್ಲೂ ಎಚ್ಚರವಿರಲಿ. ಹಿಂದೆ ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಹಿರಿಯರ ವಿಷಯದಲ್ಲಿ ಮನೆಯವರು ಹೇಳುವುದೂ ದಾಖಲೆಯೂ ಬೇರೆಯಾಗಿದ್ದರೆ ಆ ಸಾಲನ್ನು ಬಿಟ್ಟುಬಿಡಿ. ಪಟ್ಟಿಗೆ ನಷ್ಟವೇನಿಲ್ಲ.

8. ಕಾಕತಾಳೀಯವೋ, ಆರಿಸಿದ ದಿನವೋ?

ಇಲ್ಲಿಯವರೆಗಿನ ಕೆಲಸ ಜಾಲರಿ ಹಿಡಿದು ಸೋಸಿದ್ದು. ಇನ್ನು ಜೋಡಿಸಬೇಕು. ಒಂದೇ ತಾರೀಖಿನ ಘಟನೆಗಳು ಎರಡು ಬಗೆ. ಕೆಲವು ಸುಮ್ನೆ ಹಾಗೆ ಬಂದವು. ಲಿಸ್ಬನ್ನಿನ ನೆಲ ನಡುಗಿದ್ದಕ್ಕೂ ಹರಿಯಾಣ ಹುಟ್ಟಿದ್ದಕ್ಕೂ ಸಂಬಂಧವಿಲ್ಲ. ಇನ್ನು ಕೆಲವನ್ನು ಯಾರೋ ಬೇಕೆಂದೇ ಆ ದಿನಕ್ಕೆ ಇಟ್ಟಿರುತ್ತಾರೆ. ನಾಡಿನ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಊರುಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದು ರಾಜ್ಯೋತ್ಸವದ ದಿನ ಎಂಬ ಕಾರಣಕ್ಕೇ. ಛತ್ತೀಸ್‌ಗಢದ ಬೆನ್ನಿಗೇ, 2000ದ ನವೆಂಬರ್ 15ರಂದು ಜಾರ್ಖಂಡ್ ಹುಟ್ಟಿತು. ಅದು ಬಿರ್ಸಾ ಮುಂಡಾ ಅವರ ಹುಟ್ಟುಹಬ್ಬ. ಆಗಸ್ಟ್ 15ನ್ನು ಆರಿಸಿದ್ದು ಜಪಾನ್ ಶರಣಾದ ದಿನ ಎಂಬ ಕಾರಣಕ್ಕೆ ಎಂದು ಮೌಂಟ್‌ಬ್ಯಾಟನ್ ಆಮೇಲೆ ಹೇಳಿದ್ದರು.

ಆರಿಸಿದ ದಿನಗಳನ್ನು ಪಟ್ಟಿಯಲ್ಲಿ ಅಕ್ಕಪಕ್ಕ ಇಡಿ, ಕಾರಣ ಒಂದು ಸಾಲಿನಲ್ಲಿ ಹೇಳಿ. ಕಾಕತಾಳೀಯವಾದವಕ್ಕೆ ಸುಮ್ನೆ ಸಂಬಂಧ ಕಟ್ಟಬೇಡಿ. "ಈ ದಿನಕ್ಕೆ ಏನೋ ಶಕ್ತಿಯಿದೆ" ಎಂಬ ಮಾತು ಮಕ್ಕಳ ಮುಂದೆ ಬೇಡ. ವರ್ಷಕ್ಕೆ ದಿನಗಳು ಮುನ್ನೂರ ಅರವತ್ತಾರೇ. ಸಾವಿರಾರು ವರ್ಷಗಳ ಘಟನೆಗಳು ಅಷ್ಟರಲ್ಲೇ ಹಂಚಿಕೊಳ್ಳಬೇಕು.

ಎಲ್ಲರಿಗೂ ಒಂದು ದಿನ ಒಂದೇ ಬಣ್ಣದ್ದಾಗಿರುವುದಿಲ್ಲ ಎಂಬುದನ್ನೂ ನೆನಪಿಡಿ. 1956ರ ನವೆಂಬರ್ 1ರಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರಿಗೆ ಇದು ಅಗಲಿಕೆಯ ದಿನವೂ ಹೌದು. ತಮಿಳುನಾಡು ಸರ್ಕಾರ ನಾಡಿನ ದಿನವನ್ನು ನವೆಂಬರ್ 1 ಬಿಟ್ಟು ಜುಲೈ 18ಕ್ಕೆ ಆರಿಸಿಕೊಂಡಿತು, 1967ರಲ್ಲಿ ವಿಧಾನಸಭೆ ‘ತಮಿಳುನಾಡು’ ಹೆಸರಿನ ನಿರ್ಣಯ ಒಪ್ಪಿದ ದಿನವದು. ನಿಮ್ಮ ಸಭೆಯಲ್ಲಿ ಕಾಸರಗೋಡಿನವರೋ ತಮಿಳರೋ ಇದ್ದರೆ ಈ ಸಾಲುಗಳನ್ನು ಸೇರಿಸಿ.

9. ‘ಎಷ್ಟನೇ’ ಎಂಬ ಲೆಕ್ಕ

ಬ್ಯಾನರ್ ಅಚ್ಚಿಗೆ ಕೊಡುವ ಮುನ್ನ ಇದನ್ನು ನೋಡಲೇಬೇಕು. ಎಷ್ಟು ವರ್ಷ ತುಂಬಿತು ಎಂಬುದು ಬೇರೆ, ಎಷ್ಟನೇ ಆಚರಣೆ ಎಂಬುದು ಬೇರೆ. 1956ರದ್ದೇ ಮೊದಲನೆಯದು ಎಂದು ಎಣಿಸುವುದರಿಂದ 2025ರದ್ದು 70ನೇ ರಾಜ್ಯೋತ್ಸವ, ತುಂಬಿದ್ದು 69 ವರ್ಷ. 2023ರಲ್ಲಿ ‘ಕರ್ನಾಟಕ’ ಹೆಸರಿಗೆ 50 ವರ್ಷ ತುಂಬಿತು, ಅದೇ ದಿನ ರಾಜ್ಯೋತ್ಸವ 68ನೆಯದು. ಒಂದೇ ಬ್ಯಾನರಿನಲ್ಲಿ 50 ಮತ್ತು 68 ಎರಡೂ ಬಂದಾಗ ಜನ ತಬ್ಬಿಬ್ಬಾದದ್ದು ಇದಕ್ಕೇ. ಸೂತ್ರ ಇಷ್ಟೇ: ಕಳೆದರೆ ತುಂಬಿದ ವರ್ಷ, ಕಳೆದು ಒಂದು ಕೂಡಿಸಿದರೆ ಎಷ್ಟನೆಯದು.

10. ಈಗ ಬರೆಯಿರಿ

ಒಂದು ಘಟನೆಗೆ ಒಂದೋ ಎರಡೋ ವಾಕ್ಯ. ಜಾಗದ ಹೆಸರು ಇರಲಿ, ಕ್ರಿಯಾಪದ ಖಚಿತವಾಗಿರಲಿ. ಮಗು ಉಸಿರು ಕಟ್ಟದೆ ಓದುವಷ್ಟು ಚಿಕ್ಕದಾಗಿರಲಿ. ಗೋಡೆ ಪತ್ರಿಕೆಗಾಗಿ ನಾನು ಮಾಡಿದ್ದು ಹೀಗಿದೆ. ಬೇಕಾದವರು ಹಾಗೇ ಬಳಸಿಕೊಳ್ಳಿ.

1755: ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಬೆಳಗಿನ ಹೊತ್ತು ಭಾರಿ ಭೂಕಂಪ. ಸಕಲ ಸಂತರ ಹಬ್ಬವಾದ್ದರಿಂದ ಜನ ಚರ್ಚುಗಳಲ್ಲಿ ಸೇರಿದ್ದರು. ಭೂಕಂಪದ ಬೆನ್ನಿಗೆ ಸುನಾಮಿ, ಬೆಂಕಿ. ಸಾವಿರಾರು ಜನ ಸತ್ತರು.

1858: ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ಭಾರತ ಬ್ರಿಟಿಷ್ ರಾಣಿಯ ಆಳ್ವಿಕೆಗೆ ಬಂತೆಂಬ ಘೋಷಣೆಯನ್ನು ಅಲಹಾಬಾದಿನಲ್ಲಿ ಓದಲಾಯಿತು.

1952: ಪೆಸಿಫಿಕ್ ಸಾಗರದ ಎನೆವೆಟಕ್‌ನಲ್ಲಿ, ಅಲ್ಲಿಯ ಸಮಯದಂತೆ, ಅಮೆರಿಕ ಮೊದಲ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತು.

1954: ಪಾಂಡಿಚೇರಿಯ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ಬಿಟ್ಟುಕೊಟ್ಟಿತು. ಫ್ರಾನ್ಸ್ ಕೈಯಲ್ಲೇ ಇದ್ದ ಅಲ್ಜೀರಿಯಾದಲ್ಲಿ ಇದೇ ದಿನ ಸ್ವಾತಂತ್ರ್ಯ ಯುದ್ಧ ಶುರುವಾಯಿತು.

1956: ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್‌ವಿಂಗಡಣೆ ಜಾರಿಗೆ ಬಂತು. ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವಾಗಿ ಒಂದಾದವು. ಕೇರಳ, ಆಂಧ್ರಪ್ರದೇಶ ಮತ್ತು ಹೊಸ ರೂಪದ ಮಧ್ಯಪ್ರದೇಶ ಹುಟ್ಟಿದ್ದೂ ಇಂದೇ.

1966: ಪಂಜಾಬಿನಿಂದ ಬೇರೆಯಾಗಿ ಹರಿಯಾಣ ರಾಜ್ಯವಾಯಿತು.

1973: ಮೈಸೂರು ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರಾಯಿತು. ಲಕ್ಷದ್ವೀಪಕ್ಕೆ ಈಗಿನ ಹೆಸರು ಬಂದಿದ್ದೂ ಇದೇ ದಿನ.

2000: ಮಧ್ಯಪ್ರದೇಶದಿಂದ ಬೇರೆಯಾಗಿ ಛತ್ತೀಸ್‌ಗಢ ರಾಜ್ಯವಾಯಿತು.

ಪ್ರಾರ್ಥನೆಯ ಹೊತ್ತಿಗೆ ನಾಲ್ಕೇ ಬೇಕೆಂದರೆ 1858, 1954, 1956, 1973 ಇಟ್ಟುಕೊಳ್ಳಿ. ನಾಲ್ಕೂ ಒಂದೇ ಎಳೆಯಲ್ಲಿ ಬರುತ್ತವೆ: ಯಾರು ಆಳಿದರು, ಯಾರು ಬಿಟ್ಟುಹೋದರು, ನಾವು ಹೇಗೆ ಒಂದಾದೆವು, ನಮ್ಮನ್ನು ನಾವು ಏನೆಂದು ಕರೆದುಕೊಂಡೆವು.

ಅಭ್ಯಾಸಕ್ಕೆ ಮುಂದಿನ ತಾರೀಖಾಗಿ ಜನವರಿ 26ನ್ನು ತೆಗೆದುಕೊಳ್ಳಿ. 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. 1930ರಲ್ಲಿ ದೇಶದ ಉದ್ದಗಲಕ್ಕೂ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದರು. 1950ರಲ್ಲಿ ಸಂವಿಧಾನ ಜಾರಿಗೆ ಬಂತು. ಈ ಮೂರರಲ್ಲಿ ಯಾವುದು ಕಾಕತಾಳೀಯ, ಯಾವುದನ್ನು ಆರಿಸಿದ್ದು? ಪೂರ್ಣ ಸ್ವರಾಜ್ಯದ ನಿರ್ಣಯ ಆಗಿದ್ದು ಯಾವ ದಿನ, ಸಂವಿಧಾನ ಸಭೆ ಸಂವಿಧಾನವನ್ನು ಒಪ್ಪಿದ್ದು ಯಾವ ದಿನ? ಮೂರನೇ ಹಂತದ ಪ್ರಶ್ನೆಯನ್ನು ಮಕ್ಕಳ ಕೈಗೇ ಕೊಡಿ. ಐದು ಕಾಲಮ್ಮಿನ ಹಾಳೆಯನ್ನು ಅವರೇ ತುಂಬಲಿ.